ಮಗುವಿನ ಮನಸ್ಸಿಗೆ ಬರುವ ಜ್ವರ

(ಬಾನುಲಿ ಭಾಷಣ)

ಮಗುವಿನ ಮೈ ಬಿಸಿಯಾದರೆ ನಮ್ಮ ಮನೆಗಳಲ್ಲಿ ಯಾರೂ ಸುಮ್ಮನೆ ಕೂಡುವುದಿಲ್ಲ. ತಾಯಿ ಹಣೆ ಮುಟ್ಟಿ ನೋಡುತ್ತಾಳೆ. ಅಜ್ಜಿ ಕತ್ತಿನ ಕೆಳಗೆ ಕೈಯಿಟ್ಟು ‘ಕಾದಿದೆ’ ಎನ್ನುತ್ತಾಳೆ. ತಂದೆಯಾದವನು ಅಪರಾತ್ರಿಯಾದರೂ ಡಾಕ್ಟರ ಮನೆಯ ಬಾಗಿಲು ತಟ್ಟುತ್ತಾನೆ. ಅದೇ ಮಗು ತಿಂಗಳುಗಟ್ಟಲೆ ಮಂಕಾಗಿ ಮೂಲೆ ಹಿಡಿದು ಕುಳಿತಿದ್ದರೆ, ಇಲ್ಲವೆ ಸಣ್ಣಪುಟ್ಟದ್ದಕ್ಕೆಲ್ಲ ಸಿಡಿದು ಬೀಳುತ್ತಿದ್ದರೆ, ನಾವು ಅದಕ್ಕೆ ಇಡುವ ಹೆಸರುಗಳೇ ಬೇರೆ: ಹಟ, ಸೋಗು, ಸೋಮಾರಿತನ, ಮುದ್ದು ಹೆಚ್ಚಾದುದರ ಫಲ. ‘ಮಕ್ಕಳಿಗೇನು ಚಿಂತೆ, ಉಂಡು ಆಡಿಕೊಂಡಿರುವ ವಯಸ್ಸು’ ಎಂಬುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ನಂಬಿಕೆ. ಮೈಗೆ ಬರುವಂತೆ ಮನಸ್ಸಿಗೂ ಜ್ವರ ಬರಬಹುದು, ಅದು ಐದು ವರ್ಷದ ಕೂಸಿನ ಮನಸ್ಸಿಗೂ ಬರಬಹುದು ಎಂಬ ಮಾತನ್ನು ಒಪ್ಪಿಕೊಳ್ಳಲು ನಮಗೆ ಇಂದಿಗೂ ಒಂದು ಬಗೆಯ ಸಂಕೋಚವಿದೆ.

ನಾನು ವೈದ್ಯನಲ್ಲ. ಮೂವತ್ತೈದು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು. ಆದರೂ ಈ ವಿಷಯವನ್ನು ಕುರಿತು ಮಾತನಾಡಲು ಒಪ್ಪಿಕೊಂಡದ್ದಕ್ಕೆ ಕಾರಣವಿದೆ. ಒಂದು ಮಗುವಿನ ವಿಷಯದಲ್ಲಿ ನಾನೇ ದೊಡ್ಡ ತಪ್ಪು ಮಾಡಿದವನು. ಆ ತಪ್ಪನ್ನು ಹೇಳಿಕೊಂಡರೆ ಕೇಳುತ್ತಿರುವವರಲ್ಲಿ ಒಬ್ಬರಾದರೂ ಅದನ್ನು ಮಾಡದೆ ಉಳಿದಾರು ಎಂಬ ಆಸೆಯಿಂದ ಮೊದಲು ಅದನ್ನೇ ಹೇಳುತ್ತೇನೆ.

ಅದು 1993ರ ಮಾತು. ನನ್ನ ಅಕ್ಕನ ಯಜಮಾನರು ಒಂದು ದಿನ ಬೆಳಿಗ್ಗೆ ಕೆಲಸಕ್ಕೆ ಹೋದವರು ಹೃದಯಾಘಾತದಿಂದ ಅಲ್ಲಿಯೇ ತೀರಿಕೊಂಡರು. ಅವರ ಮಗನಿಗೆ ಆಗ ಎಂಟು ವರ್ಷ. ಮಧ್ಯಾಹ್ನ ಪಕ್ಕದ ಮನೆಯವರು ಹೋಗಿ ಅವನನ್ನು ಶಾಲೆಯಿಂದ ಕರೆತಂದರು. ಕರ್ಮಾಂತರಗಳೆಲ್ಲ ಮುಗಿದ ಮೇಲೆ ಹುಡುಗ ಮತ್ತೆ ಶಾಲೆಗೆ ಹೊರಟ. ನಾಲ್ಕು ದಿನ ಹೋದ. ಐದನೆಯ ದಿನ ಬೆಳಿಗ್ಗೆ ಹೊಟ್ಟೆನೋವೆಂದು ಮುದುಡಿ ಮಲಗಿದ. ಅಂದಿನಿಂದ ದಿನವೂ ಅದೇ. ಶಾಲೆಯ ಹೊತ್ತು ಮೀರಿತೆಂದರೆ ನೋವು ಇಳಿಯುತ್ತಿತ್ತು. ಭಾನುವಾರ ಹಗಲೆಲ್ಲ ಚೆನ್ನಾಗಿಯೇ ಇರುತ್ತಿದ್ದ. ಸಂಜೆ ದೀಪ ಹಚ್ಚುವ ಹೊತ್ತಿಗೆ ಮುಖ ಬಾಡುತ್ತಿತ್ತು. ಜಂತುಹುಳುವಿಗೆ ಔಷಧಿ ಕೊಟ್ಟದ್ದಾಯಿತು, ಓಮದ ಕಷಾಯ ಕುಡಿಸಿದ್ದಾಯಿತು, ದೃಷ್ಟಿ ನಿವಾಳಿಸಿ ತಾಯಿತ ಕಟ್ಟಿಸಿದ್ದೂ ಆಯಿತು. ಯಾವುದಕ್ಕೂ ಜಗ್ಗದಿದ್ದಾಗ ಮನೆಯಲ್ಲಿ ವಿದ್ಯಾವಂತನೆನಿಸಿಕೊಂಡ ನಾನು ತೀರ್ಪು ಕೊಟ್ಟೆ: ‘ಇದು ಕಳ್ಳ ಹೊಟ್ಟೆನೋವು. ಭಾನುವಾರ ಬಾರದ ನೋವು ಸೋಮವಾರ ಹೇಗೆ ಬರುತ್ತದೆ?’

ಮರುದಿನ ಅವನನ್ನು ಸ್ಕೂಟರಿನ ಮೇಲೆ ಕೂರಿಸಿಕೊಂಡು ಬಲವಂತದಿಂದ ಶಾಲೆಗೆ ಕರೆದುಕೊಂಡು ಹೋದೆ. ದಾರಿಯಲ್ಲಿ ವಾಂತಿ ಮಾಡಿಕೊಂಡ. ಗೇಟಿನ ಬಳಿ ಕಂಬಿಯನ್ನು ಹಿಡಿದು ಒಳಗೆ ಹೋಗಲೊಲ್ಲೆನೆಂದು ನಿಂತಾಗ ಎಲ್ಲರೆದುರಿಗೆ ಅವನ ಕೆನ್ನೆಗೆ ಹೊಡೆದೆ. ಅವನು ಅಳಲಿಲ್ಲ. ನಾವು ಬಂದ ರಸ್ತೆಯನ್ನೇ ತಿರುಗಿ ತಿರುಗಿ ನೋಡುತ್ತಿದ್ದ. ಏಕೆ ಹಾಗೆ ನೋಡುತ್ತಿದ್ದನೆಂದು ನಾನು ಕೇಳಲಿಲ್ಲ.

ಕೊನೆಗೆ ಕೇಳಿದವರು ಸರಕಾರಿ ಆಸ್ಪತ್ರೆಯ ಒಬ್ಬ ಮಕ್ಕಳ ವೈದ್ಯರು. ಹೊಟ್ಟೆಯನ್ನು ಪರೀಕ್ಷಿಸಿ, ರಕ್ತ ಪರೀಕ್ಷೆ ಮಾಡಿಸಿ, ಆಮೇಲೆ ನಮ್ಮಿಬ್ಬರನ್ನೂ ಹೊರಗೆ ಕೂಡಲು ಹೇಳಿ, ಹುಡುಗನೊಡನೆ ಅರ್ಧ ಗಂಟೆ ಮಾತನಾಡಿದರು. ಹೊರಗೆ ಬಂದು ಅವರು ಹೇಳಿದ್ದು ಇಷ್ಟು: ‘ಹೊಟ್ಟೆನೋವು ಸುಳ್ಳಲ್ಲ. ಹೊಟ್ಟೆಯಲ್ಲಿ ರೋಗವಿಲ್ಲ, ಅಷ್ಟೆ.’ ಹುಡುಗ ಅವರಿಗೆ ಹೇಳಿದ ಮಾತು ಇದು: ‘ನಾನು ಸ್ಕೂಲಲ್ಲಿದ್ದಾಗಲೇ ಅಪ್ಪ ಹೋಗಿಬಿಟ್ರು. ನಾನು ಮತ್ತೆ ಹೋದ್ರೆ ಅಮ್ಮನೂ ಹೋಗಿಬಿಟ್ರೆ?’

ಎರಡು ತಿಂಗಳಿಂದ ಆ ಮಗು ತನ್ನ ತಾಯಿಯ ಜೀವವನ್ನು ಕಾವಲು ಕಾಯುತ್ತಿತ್ತು. ನಾವು ಅದನ್ನು ಸೋಮಾರಿತನವೆಂದು ಕರೆದಿದ್ದೆವು.

ಇನ್ನೊಂದು ಸಂಗತಿಯನ್ನೂ ಹೇಳಬೇಕು. ಆ ವರ್ಷ ನಾನು ಬಿ.ಎ. ತರಗತಿಗೆ ಕಾವ್ಯಮೀಮಾಂಸೆಯನ್ನು ಪಾಠ ಹೇಳುತ್ತಿದ್ದೆ. ಭರತಮುನಿ ಹೇಳಿದ ಎಂಟು ಸ್ಥಾಯಿಭಾವಗಳು, ಮೂವತ್ತಮೂರು ವ್ಯಭಿಚಾರಿಭಾವಗಳು, ಎಂಟು ಸಾತ್ತ್ವಿಕಭಾವಗಳು, ಇವನ್ನೆಲ್ಲ ಬಾಯಿಪಾಠ ಒಪ್ಪಿಸುತ್ತಿದ್ದೆ. ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ಕಂಪ, ವೈವರ್ಣ್ಯ, ಅಶ್ರು, ಪ್ರಳಯ: ಮನಸ್ಸಿನ ಭಾವ ತನ್ನಿಂದ ತಾನೇ ಮೈಯಲ್ಲಿ ತೋರುವ ಬಗೆಗಳು ಇವು, ಬೇಕೆಂದು ತಂದುಕೊಳ್ಳುವಂಥವಲ್ಲ ಎಂದು ವಿದ್ಯಾರ್ಥಿಗಳಿಗೆ ವಿವರಿಸುತ್ತಿದ್ದವನು ನಾನೇ. ಮುಖ ಬಿಳಿಚಿ, ಅಂಗೈ ಬೆವೆತು, ನಡುಗುತ್ತ ಗೇಟಿನ ಮುಂದೆ ನಿಂತ ಹುಡುಗನಲ್ಲಿ ಅವು ನನಗೆ ಕಾಣಲಿಲ್ಲ. ಭಯವು ಮೈಯ ಮೂಲಕ ಮಾತನಾಡುತ್ತದೆಂಬುದು ನಮ್ಮ ಹಿರಿಯರಿಗೆ ಗೊತ್ತಿದ್ದ ಸಂಗತಿ. ಇಂದಿನ ವೈದ್ಯಶಾಸ್ತ್ರವೂ ಅದನ್ನೇ ತನ್ನ ಭಾಷೆಯಲ್ಲಿ ಹೇಳುತ್ತದೆ. ಭಯಗೊಂಡಾಗ ನರಮಂಡಲ ಹೃದಯದ ಬಡಿತವನ್ನು ಹೆಚ್ಚಿಸುತ್ತದೆ, ಕರುಳಿನ ಚಲನೆಯನ್ನು ಕೆಡಿಸುತ್ತದೆ. ತನ್ನ ಕಳವಳಕ್ಕೆ ಹೆಸರಿಡಲು ತಿಳಿಯದ ಮಗುವಿಗೆ ಹೊಟ್ಟೆನೋವು, ತಲೆನೋವುಗಳೇ ಮಾತಾಗುತ್ತವೆ.

ಅದೇ ಶಾಸ್ತ್ರದಿಂದ ಇನ್ನೊಂದು ವಿವೇಕವನ್ನೂ ಪಡೆಯಬಹುದು. ಬಂದುಹೋಗುವ ಭಾವ ಬೇರೆ, ನೆಲೆನಿಂತ ಭಾವ ಬೇರೆ. ಅಳು, ಹೆದರಿಕೆ, ಸಿಟ್ಟು, ಹೊಟ್ಟೆಕಿಚ್ಚು ಇವಿಲ್ಲದ ಬಾಲ್ಯವಿಲ್ಲ. ಎಂಟು ಒಂಬತ್ತು ತಿಂಗಳ ಕೂಸು ಹೊಸಬರನ್ನು ಕಂಡು ಅಳುತ್ತದೆ. ತನ್ನವರು ಯಾರೆಂದು ಅದಕ್ಕೆ ಗುರುತು ಹತ್ತಿದೆ ಎಂಬುದರ ಲಕ್ಷಣ ಅದು. ಎರಡು ವರ್ಷದ ಮಗು ಬೇಕಾದ್ದು ಸಿಗದಿದ್ದರೆ ನೆಲಕ್ಕೆ ಬಿದ್ದು ಹೊರಳಾಡುತ್ತದೆ. ನಾಲ್ಕೈದು ವರ್ಷದ ಮಗುವಿಗೆ ಕತ್ತಲೆಯಲ್ಲಿ ಗುಮ್ಮ ಕಾಣುತ್ತಾನೆ. ಶಾಲೆಗೆ ಸೇರಿದ ಮೊದಲ ದಿನಗಳಲ್ಲಿ ತಾಯಿಯ ಸೆರಗು ಬಿಡದಿರುವುದೂ ಸಹಜವೇ. ಇವೆಲ್ಲ ಬೆಳವಣಿಗೆಯ ಮೆಟ್ಟಿಲುಗಳು. ಇವಕ್ಕೆಲ್ಲ ವೈದ್ಯರ ಬಳಿಗೆ ಓಡುವ ಅಗತ್ಯವಿಲ್ಲ. ಆದರೆ ಎರಡು ವರ್ಷಕ್ಕೆ ಸಹಜವಾದದ್ದು ಹತ್ತು ವರ್ಷದಲ್ಲಿಯೂ ಹಾಗೆಯೇ ಉಳಿದಿದ್ದರೆ, ಅಥವಾ ಬಂದುಹೋಗಬೇಕಾದ ಭಾವ ನೆಲೆಯೂರಿ ಕುಳಿತರೆ, ಅಲ್ಲಿ ಯೋಚಿಸಬೇಕಾಗುತ್ತದೆ.

ಮಕ್ಕಳಲ್ಲಿ ಕಾಣುವ ಭಾವನೆಯ ತೊಂದರೆಗಳಲ್ಲಿ ಕಳವಳದ್ದೇ ದೊಡ್ಡ ಪಾಲು. ಮನೆಯವರನ್ನು ಅಗಲಲಾರದ ಭಯ ಒಂದು ಬಗೆ, ನಾಲ್ಕು ಜನರ ಮುಂದೆ ನಿಲ್ಲಲಾರದ ಭಯ ಇನ್ನೊಂದು. ಮನೆಯಲ್ಲಿ ಅರಳು ಹುರಿದಂತೆ ಮಾತನಾಡುವ ಹುಡುಗಿ ಶಾಲೆಯಲ್ಲಿ ವರ್ಷವೆಲ್ಲ ಒಂದು ಮಾತನ್ನೂ ಆಡದಿರುವುದುಂಟು. ಉಪಾಧ್ಯಾಯರು ಅದನ್ನು ಅಹಂಕಾರವೆಂದು ತಿಳಿಯುತ್ತಾರೆ. ಅದು ನಾಲಗೆಯನ್ನು ಕಟ್ಟಿಹಾಕಿದ ಭಯ. ಖಿನ್ನತೆಯೂ ಮಕ್ಕಳಿಗೆ ಬರುತ್ತದೆ. ಆದರೆ ದೊಡ್ಡವರಂತೆ ಅವರು ‘ಬೇಸರವಾಗಿದೆ’ ಎನ್ನುವುದಿಲ್ಲ. ಸಿಡುಕು, ಜಗಳ, ಆಟದಲ್ಲಿ ನಿರಾಸಕ್ತಿ, ಓದಿನಲ್ಲಿ ಹಿನ್ನಡೆ, ಊಟ ನಿದ್ರೆಗಳ ಏರುಪೇರು, ಇವುಗಳ ಮರೆಯಲ್ಲಿ ಅದು ಅಡಗಿರುತ್ತದೆ. ಅಪಘಾತ, ಸಾವು, ಹಿಂಸೆಗಳನ್ನು ಕಂಡ ಮಗು ಅದನ್ನೇ ಆಟದಲ್ಲಿ ಮತ್ತೆ ಮತ್ತೆ ಆಡಬಹುದು, ನಿದ್ದೆಯಲ್ಲಿ ಬೆಚ್ಚಿ ಏಳಬಹುದು. ಹಾಸಿಗೆ ಒದ್ದೆ ಮಾಡುವುದನ್ನು ನಿಲ್ಲಿಸಿದ್ದ ಮಗು ಮತ್ತೆ ಆರಂಭಿಸಿದರೂ ಮನಸ್ಸಿನ ಕಡೆಗೆ ಗಮನ ಹರಿಸಬೇಕು. ಅಂಥ ಮಗುವನ್ನು ಎಲ್ಲರೆದುರಿಗೆ ಹಂಗಿಸುವುದರಿಂದ ತೊಂದರೆ ಹೆಚ್ಚುತ್ತದೆಯೇ ಹೊರತು ಕಡಮೆಯಾಗುವುದಿಲ್ಲ.

ಎಷ್ಟೋ ವೇಳೆ ಭಾವನೆಯ ತೊಂದರೆಯ ಹಿಂದೆ ಬೇರೊಂದು ಕೊರತೆ ಇರುತ್ತದೆ. ಕಿವಿ ಮಂದವಾದ ಮಗುವನ್ನು ನಾವು ಮೊಂಡನೆನ್ನುತ್ತೇವೆ. ಅಕ್ಷರಗಳನ್ನು ಹಿಡಿಯುವುದರಲ್ಲಿಯೇ ತೊಡಕಿರುವ ಬುದ್ಧಿವಂತ ಮಗುವನ್ನು ದಡ್ಡನೆನ್ನುತ್ತೇವೆ. ದಿನವೂ ಸೋಲುವ ಮಗುವಿಗೆ ಶಾಲೆಯೆಂದರೆ ಭಯವಾಗದೆ ಇನ್ನೇನಾದೀತು? ಆದುದರಿಂದಲೇ ಮನಸ್ಸನ್ನು ನೋಡುವ ಮೊದಲು ಕಣ್ಣು, ಕಿವಿ, ದೇಹಗಳ ಪರೀಕ್ಷೆಯಾಗಬೇಕು.

ಇವಕ್ಕೆ ಕಾರಣವೇನು? ಒಂದೇ ಕಾರಣವನ್ನು ಬೆರಳಿಟ್ಟು ತೋರಿಸುವುದು ಕಷ್ಟ. ಹುಟ್ಟಿನಿಂದ ಬಂದ ಸ್ವಭಾವ, ವಂಶದ ಪಾಲು, ಮನೆಯ ಕಲಹ, ಸಾವು ನೋವುಗಳು, ಶಾಲೆಯ ಅವಮಾನ, ಯಾರಿಗೂ ಹೇಳಲಾಗದಂಥ ದೌರ್ಜನ್ಯ, ಇವು ಒಂದರೊಡನೊಂದು ಹೆಣೆದುಕೊಂಡಿರುತ್ತವೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಲಂಡನ್ನಿನ ಮೇಲೆ ಬಾಂಬು ಬೀಳುತ್ತಿದ್ದಾಗ ಆನಾ ಫ್ರಾಯ್ಡ್ ಎಂಬ ವಿದುಷಿ ತನ್ನ ಗೆಳತಿ ಡೊರೊತಿ ಬರ್ಲಿಂಗ್‌ಹ್ಯಾಮ್‌ಳೊಡನೆ ಅಲ್ಲಿ ಶಿಶುಗೃಹಗಳನ್ನು ನಡೆಸಿದಳು. ಬಾಂಬಿನ ಸದ್ದಿನ ನಡುವೆ ತಾಯಿಯ ಮಗ್ಗುಲಲ್ಲಿದ್ದ ಮಕ್ಕಳಿಗಿಂತ, ಸುರಕ್ಷಿತ ಸ್ಥಳಕ್ಕೆಂದು ತಾಯಿಯಿಂದ ಅಗಲಿಸಿ ಕಳುಹಿಸಿದ ಪುಟ್ಟ ಮಕ್ಕಳೇ ಹೆಚ್ಚು ತಲ್ಲಣಗೊಂಡದ್ದನ್ನು ಅವರು ಕಂಡರು. ಮಗುವಿನ ಲೋಕದಲ್ಲಿ ಅಪಾಯವೆಂದರೆ ಯಾವುದು ಎಂಬುದನ್ನು ನಾವು ನಮ್ಮ ಅಳತೆಗೋಲಿನಿಂದ ಅಳೆಯಲಾಗದು. ಹಾಗೆಂದು ಎಲ್ಲಕ್ಕೂ ತಾಯಿಯನ್ನೇ ಹೊಣೆ ಮಾಡುವುದೂ ಅನ್ಯಾಯ. 1950–60ರ ದಶಕಗಳಲ್ಲಿ ಪಶ್ಚಿಮದ ಕೆಲವು ವಿದ್ವಾಂಸರು ಆಟಿಸಂ ಎಂಬ ಸ್ಥಿತಿಗೆ ತಾಯಿಯ ಪ್ರೀತಿಯ ಕೊರತೆಯೇ ಕಾರಣವೆಂದು ಸಾರಿದರು. ಆ ಮಾತು ತಪ್ಪೆಂದು ಮುಂದೆ ಸ್ಥಿರಪಟ್ಟಿತು. ಅಷ್ಟರಲ್ಲಿ ಅದೆಷ್ಟು ತಾಯಂದಿರು ಮಾಡದ ತಪ್ಪಿಗೆ ಕೊರಗಿದರೋ!

ಈಗ ಮುಖ್ಯ ಪ್ರಶ್ನೆಗೆ ಬರೋಣ. ತಜ್ಞರ ನೆರವನ್ನು ಯಾವಾಗ ಕೋರಬೇಕು? ನಾನು ಬಲ್ಲವರಿಂದ ಕೇಳಿ ತಿಳಿದಂತೆ ನಾಲ್ಕು ಪ್ರಶ್ನೆಗಳನ್ನು ನಮಗೆ ನಾವೇ ಹಾಕಿಕೊಳ್ಳಬಹುದು. ಒಂದು, ಈ ಬದಲಾವಣೆ ಎಷ್ಟು ಕಾಲದಿಂದ ಇದೆ? ಎರಡು ಮೂರು ದಿನಗಳ ಮುನಿಸಿಗೂ ವಾರಗಳನ್ನು ದಾಟಿದ ಮಂಕಿಗೂ ಅಂತರವಿದೆ. ಎರಡು ವಾರ ಬಿಡದೆ ಕವಿದ ಖಿನ್ನತೆ, ಒಂದು ತಿಂಗಳು ಮೀರಿದ ಭಯ, ಇವನ್ನು ತಾನಾಗಿ ಹೋದೀತೆಂದು ಬಿಡಬಾರದು. ಎರಡು, ಅದರ ತೀವ್ರತೆ ಕಾರಣಕ್ಕೆ ತಕ್ಕಷ್ಟಿದೆಯೆ, ಮೀರಿದೆಯೆ? ಮೂರು, ಅದು ಒಂದೇ ಕಡೆ ಕಾಣುತ್ತದೆಯೆ, ಮನೆ, ಶಾಲೆ, ಆಟದ ಬಯಲು ಎಲ್ಲ ಕಡೆಗೂ ಹಬ್ಬಿದೆಯೆ? ಒಂದೇ ಕಡೆ ಕಂಡರೂ ಕಡೆಗಣಿಸಬೇಕಾಗಿಲ್ಲ. ಆ ಸ್ಥಳದಲ್ಲಿ ಏನು ನಡೆಯುತ್ತಿದೆಯೆಂದು ಹುಡುಕಬೇಕು. ನಾಲ್ಕು, ಎಲ್ಲಕ್ಕಿಂತ ದೊಡ್ಡ ಪ್ರಶ್ನೆ, ಅದು ಮಗುವಿನ ದಿನಚರಿಯನ್ನು ಕೆಡಿಸಿದೆಯೆ? ಉಣ್ಣುವುದು, ಮಲಗುವುದು, ಕಲಿಯುವುದು, ಆಡುವುದು, ಗೆಳೆಯರೊಡನೆ ಬೆರೆಯುವುದು, ಇವು ನಿಂತಿವೆಯೆ? ಆಡುವ ಮಗು ಆಟ ನಿಲ್ಲಿಸಿತೆಂದರೆ ಅದಕ್ಕಿಂತ ಸ್ಪಷ್ಟವಾದ ಸೂಚನೆ ಬೇಕಿಲ್ಲ.

ಕೆಲವು ಸಂದರ್ಭಗಳಲ್ಲಿ ದಿನ ಎಣಿಸುತ್ತ ಕೂಡಲೇಬಾರದು. ಸಾಯುವ ಮಾತನ್ನಾಡಿದರೆ, ತನ್ನ ಮೈಯನ್ನು ತಾನೇ ಗಾಯಪಡಿಸಿಕೊಂಡರೆ, ಅನ್ನ ನೀರು ಬಿಟ್ಟರೆ, ಇಲ್ಲದ ದನಿಗಳು ಕೇಳಿಸುತ್ತವೆ ಎಂದರೆ, ಅಂದೇ ವೈದ್ಯರ ಬಳಿ ಹೋಗಬೇಕು. ‘ಹೆದರಿಸಲು ಹಾಗೆನ್ನುತ್ತಾನೆ’ ಎಂದು ತಳ್ಳಿಹಾಕಬಾರದು. ಸಾಯುವ ಯೋಚನೆ ಬರುತ್ತಿದೆಯೆ ಎಂದು ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ಹುಟ್ಟಿಸಿದಂತಾಗುತ್ತದೆ ಎಂಬ ಭಯ ಹಲವರಿಗಿದೆ. ಅದು ನಿಜವಲ್ಲ. ಶಾಂತವಾಗಿ, ನೇರವಾಗಿ ಕೇಳಿದಾಗ ಮಗುವಿಗೆ ತನ್ನ ಹೊರೆಯನ್ನು ಇಳಿಸಲು ಎಡೆ ಸಿಗುತ್ತದೆ. ಅಂಥ ಮಗುವನ್ನು ಒಂಟಿಯಾಗಿ ಬಿಡದೆ, ಕೀಟನಾಶಕ, ಮಾತ್ರೆಗಳಂಥ ವಸ್ತುಗಳನ್ನು ಕೈಗೆಟುಕದಂತೆ ಇಡಬೇಕು.

ಇದು ಎಲ್ಲಿಯೋ ಒಬ್ಬಿಬ್ಬರಿಗೆ ಬರುವ ತೊಂದರೆಯೆಂದು ತಿಳಿಯಬಾರದು. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ನೂರಕ್ಕೆ 7.3ರಷ್ಟು ಮಂದಿಗೆ ಒಂದಲ್ಲ ಒಂದು ಮನೋವ್ಯಾಧಿಯಿದ್ದುದು ಕಂಡುಬಂದಿತು. ಎಂದರೆ ನಲವತ್ತು ಮಕ್ಕಳ ತರಗತಿಯಲ್ಲಿ ಸುಮಾರು ಮೂವರು. ಮನೋವ್ಯಾಧಿಗಳಲ್ಲಿ ಮೂರನೆಯ ಒಂದರಷ್ಟು 14ನೆಯ ವಯಸ್ಸಿನೊಳಗೇ ತಲೆದೋರುತ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ಗಾದೆಯನ್ನು ನಾವು ದಂಡನೆಗೆ ಮಾತ್ರ ಬಳಸುತ್ತ ಬಂದಿದ್ದೇವೆ. ಆರೈಕೆಗೂ ಅದು ಅಷ್ಟೇ ಸಲ್ಲುತ್ತದೆ.

ಎಲ್ಲಿಗೆ ಹೋಗಬೇಕು? ಮೊದಲು ನಿಮ್ಮೂರಿನ ಮಕ್ಕಳ ವೈದ್ಯರಲ್ಲಿಗೆ. ದೇಹದಲ್ಲಿ ರೋಗವಿದ್ದರೆ ಅದು ಅಲ್ಲಿ ತಿಳಿಯುತ್ತದೆ, ಇಲ್ಲದಿದ್ದರೆ ಮುಂದಿನ ದಾರಿಯನ್ನು ಅವರೇ ತೋರುತ್ತಾರೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರಿದ್ದಾರೆ. ಈ ಜಿಲ್ಲಾ ಕಾರ್ಯಕ್ರಮದ ಮಾದರಿ 1980ರ ದಶಕದಲ್ಲಿ ರೂಪುಗೊಂಡದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿಯೇ ಎಂಬುದು ನಾವು ಹೆಮ್ಮೆ ಪಡಬೇಕಾದ ಸಂಗತಿ. ಬೆಂಗಳೂರಿನಲ್ಲಿ 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮಕ್ಕಳಿಗಾಗಿಯೇ ಪ್ರತ್ಯೇಕ ವಿಭಾಗವಿದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರ. ಮಾತು, ಶ್ರವಣಗಳ ತೊಂದರೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ದೂರ ಹೋಗಲಾರದವರು ಮೊದಲು ದೂರವಾಣಿಯಲ್ಲಿ ವಿಚಾರಿಸಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯ ಸಂಖ್ಯೆ 14416. ಹಗಲು ರಾತ್ರಿಯೆನ್ನದೆ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು. ಮಗುವಿಗೆ ಯಾರಿಂದಲಾದರೂ ಹಿಂಸೆಯಾಗುತ್ತಿದ್ದರೆ 1098ಕ್ಕೆ ಕರೆ ಮಾಡಬೇಕು.

‘ಅಲ್ಲಿಗೆ ಹೋದರೆ ಮಾತ್ರೆ ಕೊಟ್ಟು ಮಲಗಿಸಿಬಿಡುತ್ತಾರೆ’ ಎಂಬುದು ಸಾಮಾನ್ಯ ಅಂಜಿಕೆ. ಮಕ್ಕಳ ವಿಷಯದಲ್ಲಿ ಬಹಳಷ್ಟು ಚಿಕಿತ್ಸೆ ಮಾತಿನಿಂದ, ಆಟದಿಂದ, ಚಿತ್ರ ಬರೆಯಿಸುವುದರಿಂದ ನಡೆಯುತ್ತದೆ. ತಂದೆತಾಯಿಗಳಿಗೆ ತಿಳಿವಳಿಕೆ ಕೊಡುವುದೂ ಚಿಕಿತ್ಸೆಯ ಭಾಗವೇ. ಔಷಧಿ ಬೇಕಾದಾಗ ಕೊಡುತ್ತಾರೆ; ಅದನ್ನು ನಾವಾಗಿ ನಿಲ್ಲಿಸಬಾರದು. ‘ಹುಚ್ಚಿನ ಆಸ್ಪತ್ರೆಗೆ ಹೋದವಳು ಎಂದರೆ ನಾಳೆ ಮದುವೆಯಾದೀತೆ’ ಎಂದು ಹೆಣ್ಣುಮಕ್ಕಳ ತೊಂದರೆಯನ್ನು ಮುಚ್ಚಿಡುವವರೂ ಉಂಟು. ಮುಚ್ಚಿಟ್ಟ ಹುಣ್ಣು ಒಳಗೇ ಕೀವಾಗುತ್ತದೆ. ಬಾಲಗ್ರಹವೆಂದು ದೇವರಿಗೆ ಹರಕೆ ಹೊರುವವರನ್ನು ನಾನು ಹಳಿಯುವುದಿಲ್ಲ. ನಮ್ಮ ಮನೆಯಲ್ಲಿಯೂ ತಾಯಿತ ಕಟ್ಟಿದ್ದರು. ಹರಕೆಯೂ ಇರಲಿ. ಆದರೆ ಹರಕೆಯ ಹೆಸರಿನಲ್ಲಿ ಕಾಲ ಕಳೆಯಬಾರದು.

ನನ್ನ ಅಕ್ಕನ ಮಗನಿಗೆ ಮಾತ್ರೆಯ ಅಗತ್ಯ ಬೀಳಲಿಲ್ಲ. ಆ ವೈದ್ಯರು ಬೆಂಗಳೂರಿನ ಒಬ್ಬ ಮಕ್ಕಳ ಮನೋವೈದ್ಯರಿಗೆ ಚೀಟಿ ಬರೆದುಕೊಟ್ಟರು. ಅಲ್ಲಿ ಹೇಳಿಕೊಟ್ಟ ಕ್ರಮ ಸರಳವಾಗಿತ್ತು, ಆದರೆ ತಾಳ್ಮೆಯನ್ನು ಬೇಡುತ್ತಿತ್ತು. ಮೊದಲ ಕೆಲವು ದಿನ ಅಕ್ಕ ಅವನನ್ನು ಶಾಲೆಯ ಗೇಟಿನವರೆಗೆ ಕರೆದೊಯ್ದು ಹಿಂದಕ್ಕೆ ಕರೆತಂದಳು. ಆಮೇಲೆ ಅವನು ಒಂದು ಗಂಟೆ ತರಗತಿಯಲ್ಲಿ, ಅವಳು ಶಾಲೆಯ ಜಗುಲಿಯಲ್ಲಿ. ಆಮೇಲೆ ಅರ್ಧ ದಿನ. ಅನಂತರ ಅವಳು ಮನೆಗೆ ಬರತೊಡಗಿದಳು. ಆದರೆ ಇಂಥ ಹೊತ್ತಿಗೆ ಬರುತ್ತೇನೆಂದು ಹೇಳಿದರೆ ಒಂದು ನಿಮಿಷವೂ ತಡಮಾಡದೆ ಅಲ್ಲಿರುತ್ತಿದ್ದಳು. ಅವನ ತರಗತಿಯ ಉಪಾಧ್ಯಾಯಿನಿಯೂ ಕೈಗೂಡಿಸಿದರು. ಇನ್ನೊಂದು ಬದಲಾವಣೆ ಮನೆಯೊಳಗೆ ಆಗಬೇಕಾಗಿತ್ತು. ಮಗುವಿಗೆ ನೋವಾದೀತೆಂದು ನಾವು ತಂದೆಯ ಚಪ್ಪಲಿಯನ್ನೂ ಭಾವಚಿತ್ರವನ್ನೂ ಎತ್ತಿಟ್ಟಿದ್ದೆವು, ಅವರ ಹೆಸರನ್ನೇ ಎತ್ತುತ್ತಿರಲಿಲ್ಲ. ‘ಮಾತನಾಡಿ, ಅಳಬೇಕೆನಿಸಿದರೆ ಒಟ್ಟಿಗೆ ಅಳಿ’ ಎಂದರು ವೈದ್ಯರು. ಭಾವಚಿತ್ರ ಮತ್ತೆ ಗೋಡೆಗೆ ಬಂತು. ಸಂಕ್ರಾಂತಿಯ ಹೊತ್ತಿಗೆ ಹುಡುಗ ದಿನವಿಡೀ ಶಾಲೆಯಲ್ಲಿ ಇರತೊಡಗಿದ್ದ.

ಮನೆಯವರು ಮಾಡಬಹುದಾದದ್ದು ಇಷ್ಟರಲ್ಲಿಯೇ ಇದೆ. ಮಗುವಿನ ಮಾತನ್ನು ಪೂರ್ತಿ ಕೇಳುವುದು. ‘ಇದಕ್ಕೆಲ್ಲ ಹೆದರುತ್ತಾರೆಯೆ’ ಎನ್ನುವುದರ ಬದಲು ‘ಹೆದರಿಕೆಯಾಯಿತೆ, ಏನೆಂದು ಹೇಳು’ ಎನ್ನುವುದು. ಪಕ್ಕದ ಮನೆಯ ಹುಡುಗನ ಅಂಕಗಳೊಡನೆ ಹೋಲಿಸದಿರುವುದು. ಕೊಟ್ಟ ಮಾತನ್ನು ಉಳಿಸಿಕೊಳ್ಳುವುದು. ಊಟ, ನಿದ್ರೆ, ಆಟಗಳಿಗೆ ಒಂದು ಕ್ರಮವಿಡುವುದು. ಮಲಗುವ ಮುನ್ನ ಒಂದು ಕಥೆ ಹೇಳುವುದು. ನಮ್ಮ ಅಜ್ಜಿಕಥೆಗಳಲ್ಲಿ ರಾಕ್ಷಸನಿದ್ದಾನೆ, ಕಾಡಿದೆ, ತಬ್ಬಲಿ ಮಗುವಿದೆ. ಕೊನೆಗೆ ಆ ಮಗು ಮನೆಗೆ ಬರುತ್ತದೆ. ತನ್ನ ಭಯವನ್ನು ಅಜ್ಜಿಯ ಮಡಿಲಲ್ಲಿ ಕುಳಿತು ಎದುರಿಸಲು ಮಗುವಿಗೆ ಅದು ಒಂದು ಅವಕಾಶ. ಇಷ್ಟೆಲ್ಲ ಮಾಡಿಯೂ ಸರಿಹೋಗದಿದ್ದರೆ ನಮ್ಮ ಪ್ರೀತಿಯಲ್ಲಿ ಕೊರತೆಯಿತ್ತೆಂದು ಕೊರಗದೆ ಬಲ್ಲವರಲ್ಲಿಗೆ ಹೋಗುವುದು. ಪ್ರೀತಿಯೊಂದರಿಂದಲೇ ನ್ಯುಮೋನಿಯಾ ವಾಸಿಯಾಗದು, ಇದೂ ಹಾಗೆಯೇ.

ಆ ಹುಡುಗನಿಗೆ ಈಗ ನಲವತ್ತು ವರ್ಷ. ಅವನ ಮಗಳು ಹೋದ ವರ್ಷ ಶಾಲೆಗೆ ಸೇರಿದಳು. ಮೊದಲ ದಿನ ನಾನೂ ಜೊತೆಗೆ ಹೋಗಿದ್ದೆ. ಗೇಟಿನ ಬಳಿ ಅವಳು ಅವನ ಕಾಲನ್ನು ತಬ್ಬಿಕೊಂಡಳು. ಅವನು ನೆಲಕ್ಕೆ ಕುಳಿತು, ಅವಳ ಮುಖಕ್ಕೆ ಮುಖವಿಟ್ಟು, ತಾನು ಎಷ್ಟು ಹೊತ್ತಿಗೆ, ಯಾವ ಮರದ ಕೆಳಗೆ ನಿಂತಿರುತ್ತೇನೆಂದು ಹೇಳಿದ. ಹಿಂದಿರುಗಿ ಬರುವಾಗ ಮೂವತ್ತು ವರ್ಷಗಳಿಂದ ಕೇಳದೆ ಉಳಿದಿದ್ದ ಮಾತನ್ನು ಕೇಳಿದೆ: ‘ಅವತ್ತು ನಾನು ಹೊಡೆದದ್ದು ನಿನಗೆ ನೆನಪಿದೆಯೇನಪ್ಪ?’

‘ಹೊಡೆದದ್ದು ಮರೆತುಹೋಗಿದೆ ಮಾವ’ ಎಂದ. ಸ್ವಲ್ಪ ದೂರ ನಡೆದ ಮೇಲೆ ಮತ್ತೆ ಅಂದ: ‘ಆ ಡಾಕ್ಟರು ಕೇಳಿದ್ದು ಮಾತ್ರ ನೆನಪಿದೆ.’